ಕೊನೆಯ ಬೆಂಚಿನ ಹುಡುಗ ಮತ್ತು ಮಲಿಕ್ ಅಂಬರ್

ನನ್ನ ಕೈಯಲ್ಲಿ ಇತಿಹಾಸ ಕಲಿತವರಿಗೆ ನನ್ನ ಪಾಠಗಳಲ್ಲಿ ಯಾವುದಾದರೂ ಒಂದು ಇನ್ನೂ ನೆನಪಿನಲ್ಲಿದ್ದರೆ, ಅದು ಬಹುಶಃ ಮಲಿಕ್ ಅಂಬರನ ಪಾಠವೇ ಇರಬೇಕು. ಜಹಾಂಗೀರನ ದಖ್ಖನ್ ದಂಡಯಾತ್ರೆಗಳ ಪ್ರಸಂಗ ಬಂದಾಗ ಅಹಮದ್‌ನಗರದ ಈ ಮಂತ್ರಿಯ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಹುದಾಗಿತ್ತು. ನಾನು ಮಾತ್ರ ಅವನಿಗೆಂದೇ ಇಡೀ ಒಂದು ಅವಧಿಯನ್ನು ಮೀಸಲಿಡುತ್ತಿದ್ದೆ. ಗೋಲದ ಮೇಲೆ ನಿಂತು, ಕಂಬಕ್ಕೆ ಚುಚ್ಚಿದ ಅಂಬರನ ರುಂಡಕ್ಕೆ ಜಹಾಂಗೀರನು ಬಾಣ ಬಿಡುತ್ತಿರುವ ಒಂದು ಮೊಘಲ್ ಚಿತ್ರವಿದೆ. ಚಿತ್ರಕಾರ ಅಬುಲ್ ಹಸನ್. ಕಾಲ ಸುಮಾರು 1616. ಚಿತ್ರದಲ್ಲಿ ರುಂಡ ಹಾರಿದೆ. ವಾಸ್ತವದಲ್ಲಿ ಅಂಬರನು ಅದಾದ ಮೇಲೂ ಹತ್ತು ವರ್ಷ ಬದುಕಿ, ಮೊಘಲರನ್ನು ಗೋಳುಹೊಯ್ದುಕೊಂಡು, 1626ರಲ್ಲಿ ಮುಪ್ಪಿನಿಂದ ತೀರಿಕೊಂಡನು. ಇದನ್ನು ವಿವರಿಸುವಾಗ ನಾನು ಬೆತ್ತವನ್ನೇ ಬಿಲ್ಲಾಗಿ ಹಿಡಿದು ಮೇಜಿನ ಪಕ್ಕದಲ್ಲಿ ಠೀವಿಯಿಂದ ನಿಲ್ಲುತ್ತಿದ್ದೆ. ನೀವೆಲ್ಲ ನಗುತ್ತಿದ್ದಿರಿ. ನೆನಪಿದೆಯಲ್ಲವೇ?

ಆ ಪಾಠ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗನಿಗೆ ಹೇಗೆ ಕೇಳಿಸಿತ್ತು, ಅಥವಾ ಹೇಗೆ ಕೇಳಿಸಲಿಲ್ಲ, ಎಂಬುದನ್ನು ಇಂದು ಬರೆಯಬೇಕೆನಿಸಿದೆ.

ಬಿ.ಎಡ್. ಮುಗಿಸಿ 1984ರಲ್ಲಿ ಕೆಲಸಕ್ಕೆ ಸೇರಿದ ನಾನು ಕೆಲವು ವರ್ಷಗಳ ಅನಂತರ ವರ್ಗವಾಗಿ ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಪ್ರೌಢಶಾಲೆಗೆ ಬಂದೆ. ಶಾಲೆಯ ಹೆಸರು ಬೇಡ. ಅಲ್ಲಿ ಓದಿದವರಿಗೆ ತಿಳಿದೇ ಇದೆ. ಸುತ್ತಲೂ ಅಡಕೆ ತೋಟ, ಅದರಾಚೆ ಕಾಡು, ಕಾಡಿನ ಅಂಚಿನಲ್ಲಿ ಸಿದ್ದಿಗಳ ಕೇರಿ. 1989ರಲ್ಲಿ ಆ ಕೇರಿಯಿಂದ ಒಬ್ಬ ಹುಡುಗ ಎಂಟನೆಯ ತರಗತಿಗೆ ಸೇರಿದ. ಒತ್ತಾದ ಗುಂಗುರು ಕೂದಲು, ಕಪ್ಪು ಮೈ, ತೀರ ಮೆಲುದನಿ. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ನಾನೇ ಬರೆದುಕೊಂಡಿದ್ದೆ, ದುಂಡಗಿನ ಅಕ್ಷರದಲ್ಲಿ. ಆದರೂ ಉಳಿದ ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ನಾನು ಅವನನ್ನು ಮಾತ್ರ ‘ಏ ಸಿದ್ದಿ’ ಎಂದು ಕರೆಯುತ್ತಿದ್ದೆ. ಬೈಗುಳವೆಂದು ಕರೆದದ್ದಲ್ಲ, ಊರಿಗೆ ಊರೇ ಹಾಗೆ ಕರೆಯುತ್ತಿತ್ತು, ನನಗೂ ನಾಲಗೆಗೆ ಹಾಗೆಯೇ ಬಂದುಬಿಟ್ಟಿತು. ಈ ಸಮಜಾಯಿಷಿ ಎಷ್ಟು ಟೊಳ್ಳೆಂಬುದು ಈಗ ಬರೆಯುವಾಗ ಗೊತ್ತಾಗುತ್ತಿದೆ. ‘ಏ ಭಟ್ಟ’, ‘ಏ ನಾಯ್ಕ’ ಎಂದು ತರಗತಿಯಲ್ಲಿ ನಾನು ಯಾರನ್ನೂ ಕರೆದವನಲ್ಲ.

ಅಂದಿನ ದಿನಗಳಲ್ಲಿ ಸಮಾಜ ವಿಜ್ಞಾನದಲ್ಲಿ ‘ಮಾನವ ಜನಾಂಗಗಳು’ ಎಂಬ ವಿಷಯವನ್ನೂ ಬೋಧಿಸುತ್ತಿದ್ದೆವು. ಕಾಕಸಾಯ್ಡ್, ಮಂಗೋಲಾಯ್ಡ್, ನೀಗ್ರಾಯ್ಡ್ ಎಂದು ಮೂರು ಕಂಬಸಾಲು ಎಳೆದು, ಕೂದಲು, ಮೂಗು, ತುಟಿ, ಚರ್ಮದ ಬಣ್ಣ ಎಂದು ಪಟ್ಟಿ ಬರೆಸುವುದು. ಜನಾಂಗವೆಂಬುದು ಜೀವವಿಜ್ಞಾನದ ಸತ್ಯಕ್ಕಿಂತ ಸಮಾಜ ಕಟ್ಟಿಕೊಂಡ ಮಿಥ್ಯೆಯೇ ಹೆಚ್ಚು ಎಂಬರ್ಥದ ಹೇಳಿಕೆಯನ್ನು ಯುನೆಸ್ಕೋ ಸಂಸ್ಥೆ 1950ರಲ್ಲಿಯೇ ಹೊರಡಿಸಿತ್ತು. ಅದು ಘಟ್ಟ ಹತ್ತಿ ನಮ್ಮ ಶಾಲೆಗೆ ಬರಲು ಇನ್ನೂ ಬಹಳ ಕಾಲ ಬೇಕಾಗಿತ್ತು. ಮೂರನೆಯ ಸಾಲನ್ನು ಬರೆದು ನಾನು ಕರಿಹಲಗೆಯಿಂದ ತಿರುಗಿದಾಗ ಇಡೀ ತರಗತಿ ನನಗೆ ಬೆನ್ನು ಹಾಕಿ ಕುಳಿತಿತ್ತು. ನಲವತ್ತು ತಲೆಗಳೂ ಹಿಂದಕ್ಕೆ ಹೊರಳಿ ಆ ಹುಡುಗನನ್ನು ನೋಡುತ್ತಿದ್ದವು. ಯಾರೋ ಒಬ್ಬ ಅವನ ಕೂದಲನ್ನು ಮುಟ್ಟಿ ನೋಡಿದ. ಹುಡುಗ ತಲೆ ತಗ್ಗಿಸಿ ಪಟ್ಟಿಯನ್ನು ಬರೆದುಕೊಳ್ಳುತ್ತಲೇ ಇದ್ದ. ‘ಮುಂದೆ ನೋಡಿ’ ಎಂದೆ, ಅಷ್ಟೆ. ಉದಾಹರಣೆ ಕಣ್ಣೆದುರಿಗೇ ಸಿಕ್ಕಿತೆಂದು ಒಳಗೊಳಗೆ ತುಸು ಸಮಾಧಾನವೂ ಆಗಿತ್ತೆಂದು ಕಾಣುತ್ತದೆ.

ಮುಂದೆ ಅದೇ ಹುಡುಗರಿಗೆ ಮಲಿಕ್ ಅಂಬರನ ಪಾಠವೂ ಆಯಿತು. ಅಂದು ಒಂದು ತಲೆಯೂ ಹಿಂದಕ್ಕೆ ಹೊರಳಲಿಲ್ಲ.

ಹೊರಳಬೇಕಾಗಿತ್ತು. ಅಂಬರನು ಹುಟ್ಟಿದ್ದು ಸುಮಾರು 1548ರಲ್ಲಿ, ಇಥಿಯೋಪಿಯಾದಲ್ಲಿ. ತಾಯ್ತಂದೆ ಇಟ್ಟ ಹೆಸರು ಚಾಪು. ಬಾಲ್ಯದಲ್ಲಿಯೇ ಗುಲಾಮನಾಗಿ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ, ಬಾಗ್ದಾದಿನ ವ್ಯಾಪಾರಿಯೊಬ್ಬನ ಮನೆ ಸೇರಿದ; ಅಲ್ಲಿ ಅವನಿಗೆ ಅಂಬರ್ ಎಂಬ ಹೆಸರಾಯಿತು. ಕಡೆಗೆ ಅವನನ್ನು ದಖ್ಖನಿಗೆ ತಂದು ಮಾರಿದಾಗ ಕೊಂಡವನು ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್. ಆ ಚಂಗೀಜ್ ಖಾನನೂ ಆಫ್ರಿಕದಿಂದ ಬಂದ ಹಬ್ಶಿಯೇ, ಅವನೂ ಒಂದು ಕಾಲದಲ್ಲಿ ಗುಲಾಮನೇ! ಒಡೆಯ ಸತ್ತ ಮೇಲೆ ಅಂಬರನಿಗೆ ಬಿಡುಗಡೆಯಾಯಿತು. ಕೆಲವು ಕಾಲ ಬಿಜಾಪುರದ ಸೇವೆಯಲ್ಲಿಯೂ ಇದ್ದು, ಅಹಮದ್‌ನಗರಕ್ಕೆ ಮರಳಿ, 1600ರಲ್ಲಿ ಮೊಘಲರು ಆ ಕೋಟೆಯನ್ನು ಹಿಡಿದಾಗ ರಾಜವಂಶದ ಕುಡಿಯೊಂದನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿ, ತನ್ನ ಮಗಳನ್ನು ಅವನಿಗೆ ಕೊಟ್ಟು ಮದುವೆ ಮಾಡಿ, ರಾಜ್ಯದ ಆಡಳಿತವನ್ನು ತಾನೇ ನಡೆಸಿದ. ಮರಾಠಾ ಕುದುರೆ ಸವಾರರೊಂದಿಗೆ ಸೇರಿ ಹಠಾತ್ ದಾಳಿಯ ಯುದ್ಧವನ್ನು ಬೆಳೆಸಿದ. ಭೂಕಂದಾಯದ ವ್ಯವಸ್ಥೆ ಮಾಡಿದ. 1610ರಲ್ಲಿ ಖಡ್ಕಿ ಎಂಬ ನಗರವನ್ನು ಕಟ್ಟಿಸಿದ. ಅದೇ ಮುಂದೆ ಔರಂಗಾಬಾದ್ ಆಯಿತು. ಆ ನಗರಕ್ಕೆ ನೀರು ತರಲು ಅವನು ಮಾಡಿಸಿದ ನೆಲದಡಿಯ ಕಾಲುವೆಗಳ ಬಗ್ಗೆ ಎಂಜಿನಿಯರುಗಳಾದ ನನ್ನ ಶಿಷ್ಯರು ಓದಿ ನೋಡಬೇಕು. 1624ರಲ್ಲಿ ಭಾತವಡಿ ಎಂಬಲ್ಲಿ ಮೊಘಲರನ್ನೂ ಬಿಜಾಪುರದವರನ್ನೂ ಒಟ್ಟಿಗೆ ಸೋಲಿಸಿದ. ತನ್ನ ಆತ್ಮಕಥನದಲ್ಲಿ ಜಹಾಂಗೀರನು ಅವನನ್ನು ಹೆಸರಿಸುವಾಗಲೆಲ್ಲ ಬಣ್ಣವನ್ನೆತ್ತಿ ಹೀಯಾಳಿಸದೆ ಬಿಡುವುದಿಲ್ಲ. ಅವನು ಸತ್ತ ಮೇಲೆ ಅದೇ ಆಸ್ಥಾನದ ಇತಿಹಾಸಕಾರ ಮಾತ್ರ ಯುದ್ಧದಲ್ಲಿ, ಆಡಳಿತದಲ್ಲಿ ಅವನಿಗೆ ಸಮಾನರಿರಲಿಲ್ಲವೆಂದು ಬರೆದಿಟ್ಟ.

ಅಹಮದ್‌ನಗರ ದೂರವಾಯಿತು, ನಮ್ಮ ಬಿಜಾಪುರದ ಮಾತನ್ನೇ ಹೇಳುತ್ತೇನೆ. 1580ರ ದಶಕದಲ್ಲಿ ಬಾಲಕನಾಗಿದ್ದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಹೆಸರಿನಲ್ಲಿ ಕೆಲವು ವರ್ಷ ರಾಜ್ಯವಾಳಿದವನು ದಿಲಾವರ್ ಖಾನ್ ಎಂಬ ಹಬ್ಶಿ. ಗೋಳಗುಮ್ಮಟದ ಮಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನನೂ ಹಬ್ಶಿ. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತು ಹೋಗುವ ಸೊಗಸಾದ ಚಿತ್ರವೊಂದಿದೆ. ಬಿಜಾಪುರದ ಚಿತ್ರಕಾರರು ಅವನ ಮೈಬಣ್ಣವನ್ನು ಮರೆಸದೆ, ವಿಕಾರಗೊಳಿಸದೆ, ಇದ್ದದ್ದು ಇದ್ದಂತೆ ಘನತೆಯಿಂದ ಬರೆದಿದ್ದಾರೆ. ಇಬ್ರಾಹಿಂ ರೋಜಾದ ನಿರ್ಮಾಣಕ್ಕೆ ಹೆಸರಾದ ಮಲಿಕ್ ಸಂದಲನೂ ಆಫ್ರಿಕ ಮೂಲದವನೆಂದು ಹೇಳುತ್ತಾರೆ. 1660ರಲ್ಲಿ ಪನ್ಹಾಳದಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರ್ ನಿಮಗೆ ಗೊತ್ತಿರುವವನೇ. ಹೆಸರಿನಲ್ಲಿಯೇ ಸಿದ್ದಿ ಎಂದಿದೆ! ವರ್ಷಾನುಗಟ್ಟಲೆ ಆ ಹೆಸರನ್ನು ಬೋರ್ಡಿನ ಮೇಲೆ ಬರೆದ ನನಗೆ, ‘ಏ ಸಿದ್ದಿ’ ಎಂದು ಕೂಗುವಾಗ ಈ ಎರಡೂ ಒಂದೇ ಪದವೆಂದು ಹೊಳೆಯಲಿಲ್ಲ.

ಒಂದು ಎಚ್ಚರಿಕೆಯ ಮಾತು. ಎಲ್ಲ ಹಬ್ಶಿಗಳೂ ಮಂತ್ರಿಗಳಾದರೆಂದು ಯಾರೂ ತಿಳಿಯಬಾರದು. ಆ ಸುಲ್ತಾನರು ಗುಲಾಮರನ್ನು ಕೊಳ್ಳುತ್ತಿದ್ದುದು ಕರುಣೆಯಿಂದಲ್ಲ. ದಖ್ಖನಿನ ಆಸ್ಥಾನಗಳಲ್ಲಿ ಇರಾನಿನಿಂದ ಬಂದವರ ಬಣ, ಇಲ್ಲಿಯೇ ನೆಲೆಸಿದ ದಖ್ಖನಿಗಳ ಬಣ ಎಂದು ನಿತ್ಯ ಕಚ್ಚಾಟ. ಬಂಧು ಬಳಗವಿಲ್ಲದ, ಒಡೆಯನ ಹೊರತು ಬೇರೆ ದಿಕ್ಕಿಲ್ಲದ ಯೋಧರು ಅವರಿಗೆ ಬೇಕಾಗಿದ್ದರು. ಅದಕ್ಕೆಂದೇ ಕತ್ತಿ, ಕುದುರೆ ಕೊಟ್ಟು ಸಾಕುತ್ತಿದ್ದರು. ಒಡೆಯ ಸತ್ತ ಮೇಲೆ ಹಲವರಿಗೆ ಬಿಡುಗಡೆ ದೊರೆಯುತ್ತಿತ್ತು, ಆಗ ಕತ್ತಿ ಕೈಯಲ್ಲಿಯೇ ಇರುತ್ತಿತ್ತು. ಹಾಗೆ ಮೇಲೆ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯವರಲ್ಲಿಯೇ ಮದುವೆಯಾಗಿ ಬೆರೆತುಹೋದರು.

ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಿನ ಸಿದ್ದಿಗಳ ದಾರಿಯೇ ಬೇರೆ. ಆದುದರಿಂದ ಮಲಿಕ್ ಅಂಬರನು ಇವರ ಅಜ್ಜನ ಮುತ್ತಜ್ಜನೆಂದು ನಾನು ಹೇಳಲಾರೆ, ಅದು ಇತಿಹಾಸವಾಗುವುದಿಲ್ಲ. 2011ರಲ್ಲಿ ಪ್ರಕಟವಾದ ತಳಿ ಅಧ್ಯಯನವೊಂದು ಭಾರತದ ಸಿದ್ದಿಗಳ ಪೂರ್ವಜರ ಸಂಬಂಧವನ್ನು ಮುಖ್ಯವಾಗಿ ಬಂಟು ಭಾಷೆಗಳನ್ನಾಡುವ ಆಫ್ರಿಕದ ಜನರೊಂದಿಗೆ ತೋರಿಸಿತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಗೆದ್ದ ಮೇಲೆ ಮೊಜಾಂಬಿಕ್ ಕಡೆಯಿಂದ ಹಡಗುಗಳಲ್ಲಿ ಗುಲಾಮರನ್ನು ತಂದು ಮಾರಿದರು. 1583ರಿಂದ ಐದು ವರ್ಷ ಗೋವೆಯಲ್ಲಿದ್ದ ಲಿನ್ಸ್‌ಖೋಟೆನ್ ಎಂಬ ಡಚ್ಚನು, ಅಲ್ಲಿನ ದೊಡ್ಡ ಬೀದಿಯಲ್ಲಿ ಗಂಡು ಹೆಣ್ಣು ಮಕ್ಕಳನ್ನು ದನಗಳಂತೆ ಹರಾಜು ಹಾಕುತ್ತಿದ್ದುದನ್ನು ಬರೆದಿದ್ದಾನೆ. ಇವರಿಗೆ ಸಿಕ್ಕಿದ್ದು ಕತ್ತಿಯಲ್ಲ; ಪಲ್ಲಕ್ಕಿಯ ಬೊಂಬು, ನೀರಿನ ಕೊಡ, ಅಡಿಗೆಮನೆಯ ಹೊಗೆ. ತಪ್ಪಿಸಿಕೊಂಡವರು ಪೂರ್ವಕ್ಕೆ ಮುಖ ಮಾಡಿ ಘಟ್ಟ ಹತ್ತಿದರು. ಘಟ್ಟದ ಮೇಲೆ ಅವರಿಗೆ ಕಾಡು ಸಿಕ್ಕಿತು, ಭೂಮಿ ಸಿಗಲಿಲ್ಲ. ನಮ್ಮ ಸಮಾಜದಲ್ಲಿ ಕುಲಕ್ಕೊಂದು ಕಸುಬು, ಪಂಕ್ತಿಯಲ್ಲೊಂದು ಸ್ಥಳ ಇರುತ್ತದಷ್ಟೆ. ಇವರಿಗೆ ಅದೂ ಇರಲಿಲ್ಲ. ತೋಟದೊಡೆಯರ ಸಾಲ, ಆ ಸಾಲಕ್ಕೆ ಜೀತ, ತಂದೆಯ ಸಾಲಕ್ಕೆ ಮಗನ ದುಡಿತ. ಜೀತಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 1976ರಲ್ಲಿ. ನನ್ನ ವಿದ್ಯಾರ್ಥಿ ಹುಟ್ಟಿದ್ದು ಅದಕ್ಕೆ ಒಂದು ವರ್ಷ ಮೊದಲು. ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಮತದವರಿದ್ದಾರೆ. ಮನೆಯೊಳಗೆ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. ಆಫ್ರಿಕದ ಭಾಷೆ ಮರೆತು ತಲೆಮಾರುಗಳೇ ಕಳೆದಿವೆ.

ಬಣ್ಣವೂ ಕೂದಲೂ ಎರಡು ಕಡೆಯೂ ಅವೇ. ಒಂದೆಡೆ ಅವುಗಳ ಜೊತೆಗೆ ಆನೆಯ ಮೇಲಿನ ಪೀಠ, ಇನ್ನೊಂದೆಡೆ ಕೊನೆಯ ಬೆಂಚು. ಹಾಗಾದರೆ ‘ಅವರ ಜಾಯಮಾನವೇ ಹಾಗೆ’ ಎಂದು ನಮ್ಮ ಊರಿನಲ್ಲಿ ಸಲೀಸಾಗಿ ಹೇಳುತ್ತಿದ್ದರಲ್ಲ, ಅದಕ್ಕೆ ಅರ್ಥವೇನು? ಸ್ಟಾಫ್ ರೂಮಿನಲ್ಲಿಯೂ ಆ ಮಾತು ಬರುತ್ತಿತ್ತು. ಸಿದ್ದಿಗಳು ಸೋಮಾರಿಗಳು, ಸಿದ್ದಿಗಳು ಕುಡಿಯುವವರು, ಸಿದ್ದಿಗಳಿಗೆ ಓದು ಹತ್ತುವುದಿಲ್ಲ. ಮುಂಜಾವಿನಿಂದ ಕತ್ತಲಾಗುವವರೆಗೆ ನಮ್ಮ ತೋಟಗಳಲ್ಲಿ ಮಣ್ಣು ಹೊತ್ತವರನ್ನೇ ಸೋಮಾರಿಗಳೆನ್ನುವುದರಲ್ಲಿ ಇರುವ ತಮಾಷೆ ಅಂದು ಯಾರಿಗೂ ತಿಳಿಯಲಿಲ್ಲ. 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ಕನ್ನಡ ನಾಟಕವೊಂದನ್ನು ಸಿದ್ದಿಗಳಿಂದಲೇ ಆಡಿಸಿದ್ದರು. ಅದರ ಸುದ್ದಿ ಕೇಳಿದ್ದೆ. ‘ಸಿದ್ದಿಗಳು ನಾಟಕ ಆಡುವುದೆಂದರೇನು’ ಎಂದುಕೊಂಡು ನೋಡುವ ಗೋಜಿಗೆ ಹೋಗಲಿಲ್ಲ.

ಬೈಗುಳದಷ್ಟೇ ಹೊಗಳಿಕೆಯೂ ಕಟ್ಟಿಹಾಕುತ್ತದೆಂಬುದನ್ನು ಕ್ರೀಡಾಕೂಟದ ಪ್ರಸಂಗದಿಂದ ಹೇಳಬೇಕು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶಗಳ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲಾರಂಭಿಸಿತು. ಆಫ್ರಿಕದವರು ಒಲಿಂಪಿಕ್ಸ್‌ನಲ್ಲಿ ಓಡಿ ಗೆಲ್ಲುತ್ತಾರೆ, ಅದೇ ರಕ್ತ ನಮ್ಮ ಕಾಡಿನಲ್ಲಿಯೂ ಇದೆ, ಎಂಬ ಲೆಕ್ಕಾಚಾರ. ಅದರಿಂದ ಕೆಲವರಿಗೆ ನಿಜಕ್ಕೂ ಒಳ್ಳೆಯದಾಯಿತು. ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು, ನೌಕರಿ ಪಡೆದರು. ಕೆಲವೇ ವರ್ಷಗಳಲ್ಲಿ ಯೋಜನೆ ಅವರ ಪಾಲಿಗೆ ನಿಂತುಹೋದಾಗ ಉಳಿದ ಅನೇಕರು ಅರ್ಧ ಓದು, ಅರ್ಧ ಓಟದೊಂದಿಗೆ ಕೂಲಿಗೆ ಮರಳಿದರು. ಆ ದಿನಗಳಲ್ಲಿ ನಮಗೂ ಅದೇ ಹುಚ್ಚು. ತಾಲ್ಲೂಕು ಕ್ರೀಡಾಕೂಟಕ್ಕೆ ನಮ್ಮ ಶಾಲೆಯಿಂದ ನಾನೂರು ಮೀಟರ್ ಓಟಕ್ಕೆ ಆ ಹುಡುಗನ ಹೆಸರನ್ನು ನಾನೇ ಬರೆದೆ. ಅವನನ್ನು ಕೇಳಲಿಲ್ಲ. ಅವನು ಓಡಿದ, ಐದನೆಯವನಾಗಿ ಬಂದ. ಅಂಗಳದ ಅಂಚಿನಲ್ಲಿ ಏದುಸಿರು ಬಿಡುತ್ತಿದ್ದವನ ಬಳಿ ಹೋಗಿ ನಾನು ಕೇಳಿದ ಮಾತು ಇದು: ‘ಸಿದ್ದಿಯಾಗಿ ಹುಟ್ಟಿ ಓಡಲಿಕ್ಕೂ ಬರುವುದಿಲ್ಲವೇನೋ?’

ಅವನಿಗೆ ಇಷ್ಟವಿದ್ದದ್ದು ನಕ್ಷೆ. ನದಿಗಳನ್ನು ಅವನಷ್ಟು ನವಿರಾಗಿ ಬರೆಯುತ್ತಿದ್ದ ಹುಡುಗನನ್ನು ನನ್ನ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಮತ್ತೆ ಕಾಣಲಿಲ್ಲ. ಉತ್ತರ ಪತ್ರಿಕೆ ತಿದ್ದುವಾಗ ಗಮನಿಸಿದ್ದೆ, ಅಂಕವನ್ನೂ ಕೊಟ್ಟಿದ್ದೆ. ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ.

ಹತ್ತನೆಯ ತರಗತಿ ಮುಗಿಸಿ ಅವನು ಬೆಂಗಳೂರಿಗೆ ಹೋದನೆಂದು ಕೇಳಿದ್ದೆ. ಎಷ್ಟೋ ವರ್ಷಗಳ ಮೇಲೆ, 2016ರಲ್ಲಿ, ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಹಲ್ಲೆ ನಡೆಸಿದ ಸುದ್ದಿ ಬಂತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ ಅವಳಿಗೆ ಶಿಕ್ಷೆ. ಅದನ್ನು ಓದಿದಾಗ ಏಕೋ ಇವನ ನೆನಪಾಗಿ, ಹಳೆಯ ವಿದ್ಯಾರ್ಥಿಯೊಬ್ಬನಿಂದ ಸಂಖ್ಯೆ ಪಡೆದು ಕರೆ ಮಾಡಿದೆ. ಮೊದಲ ಬಾರಿಗೆ ಹೆಸರು ಹಿಡಿದು ಕರೆದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಅನಂತರ ಅದೇ ಮೆಲುದನಿಯಲ್ಲಿ ಕ್ಷೇಮ ಸಮಾಚಾರ ಹೇಳಿದ. ಸರ್ವೆ ಮಾಡುವವರ ಬಳಿ ನಕ್ಷೆಗಾರನಾಗಿದ್ದೇನೆಂದ. ಬಾಡಿಗೆ ಮನೆ ಕೇಳಲು ಹೋದರೆ ಪಾಸ್‌ಪೋರ್ಟ್ ತೋರಿಸೆನ್ನುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ, ಬಾಯಿ ತೆರೆದರೆ ‘ಎಷ್ಟು ಬೇಗ ಕನ್ನಡ ಕಲಿತಿರಿ!’ ಎಂದು ಮೆಚ್ಚಿಕೊಳ್ಳುತ್ತಾರೆ, ಎಂದು ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ. ಓಟದ ದಿನದ ಮಾತಿಗೆ ಕ್ಷಮೆ ಕೇಳಬೇಕೆಂದೇ ಕರೆ ಮಾಡಿದ್ದೆ, ಹೇಗೋ ಹೇಳಿದೆ. ‘ಅದು ಹೋಗಲಿ ಸರ್’ ಎಂದ. ‘ನೆನಪಿಲ್ಲ’ ಎನ್ನಲಿಲ್ಲ.

ಈಚಿನ ವರ್ಷಗಳಲ್ಲಿ ಅವರ ಬದುಕು ನಿಂತಲ್ಲಿಯೇ ನಿಂತಿಲ್ಲವೆಂಬುದನ್ನೂ ಹೇಳಬೇಕು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು; ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಜಿಲ್ಲೆಯ ಗಡಿ ದಾಟಿದರೆ ಜನ ಬೇರೆಯಾಗುತ್ತಾರೆಯೇ? ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ನಮ್ಮ ಶಾಸನಸಭೆಯನ್ನು ಪ್ರವೇಶಿಸಿದ ಮೊದಲಿಗರಾದರು. ಬಿಜಾಪುರದ ಸಲ್ತನತ್ತು 1686ರಲ್ಲಿ ಮುಗಿದಿತ್ತು. ನಡುವಿನ ವರ್ಷಗಳ ಲೆಕ್ಕವನ್ನು ಗಣಿತದ ಮೇಷ್ಟರ ಶಿಷ್ಯರು ಹಾಕಲಿ.

ಕಳೆದ ದೀಪಾವಳಿಯ ರಜೆಯಲ್ಲಿ ಅವನು ಹೆಂಡತಿ ಮಗಳೊಂದಿಗೆ ಐತಿಹಾಸಿಕ ಸ್ಥಳಗಳ ಪ್ರವಾಸಕ್ಕೆ ಹೋಗಿದ್ದ. ಮಗಳು ಇತಿಹಾಸದಲ್ಲಿ ಬಿ.ಎ. ಮುಗಿಸಿ ಈಗ ಬಿ.ಎಡ್. ಓದುತ್ತಿದ್ದಾಳೆ, ಪ್ರವಾಸದ ಯೋಜನೆಯೆಲ್ಲ ಅವಳದೇ. ಒಂದು ಸ್ಮಾರಕದ ಬಾಗಿಲಲ್ಲಿ ಟಿಕೆಟ್ ಕೊಡುವವನು ಮುಖ ನೋಡಿದವನೇ ವಿದೇಶಿಯರ ದರವನ್ನು ಹೇಳಿದನಂತೆ. ಯಾವ ಊರೆಂದು ಬರೆಯುವುದಿಲ್ಲ; ಬರೆದರೆ ಅದು ಅಲ್ಲಿ ಕುಳಿತಿದ್ದ ಒಬ್ಬನ ತಪ್ಪಾಗಿ ಉಳಿದುಬಿಡುತ್ತದೆ. ಹುಡುಗಿ ಅಚ್ಚಗನ್ನಡದಲ್ಲಿ ಜಗಳವಾಡಿದಳು, ಮೂವರ ಆಧಾರ್ ಕಾರ್ಡುಗಳನ್ನೂ ತೋರಿಸಿದ ಮೇಲೆ ಒಳಗೆ ಬಿಟ್ಟರು.

ಸಂಜೆ ಅವಳೇ ನನಗೆ ಕರೆ ಮಾಡಿ ಇದನ್ನೆಲ್ಲ ಹೇಳಿದಳು. ಮಲಿಕ್ ಅಂಬರನ ಬಗ್ಗೆ ಪಾಠಯೋಜನೆ ಬರೆಯಬೇಕಾಗಿದೆಯೆಂದು ನನ್ನ ಹಳೆಯ ಟಿಪ್ಪಣಿಗಳನ್ನು ಕೇಳಿದಳು. ಕಳುಹಿಸುತ್ತೇನೆಂದೆ. ಫೋನ್ ಇಡುವ ಮುನ್ನ, ‘ನೀವು ಆ ಪಾಠ ಮಾಡುವಾಗ ಅಪ್ಪ ಎಲ್ಲಿ ಕೂತಿರ್ತಿದ್ರು ಸರ್?’ ಎಂದು ಕೇಳಿದಳು.

ಕಿಟಕಿಯ ಪಕ್ಕದ ಸಾಲಿನಲ್ಲಿ, ಕೊನೆಯ ಬೆಂಚಿನ ಗೋಡೆಯ ಬದಿಗೆ ಎಂದೆ. ಅಲ್ಲಿ ಕೂರಲು ಅವನಿಗೆ ಹೇಳಿದವನು ನಾನೇ ಎಂದೂ ಹೇಳಿದೆ.